ಕತ್ತರಿಸಿದ ನಾಲ್ಕು ಇಂಚು

ದಿಂಡಿಗಲ್‌ನಲ್ಲಿ ಬೀಗ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಬೀಗ ಹಾಕುವುದಕ್ಕೆ ಬಾಗಿಲು ಬೇಕಲ್ಲ, ಆ ಬಾಗಿಲು ಮಾಡುವವನು ಪಾಂಡಿಯರಾಜನ್. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ, ಕೇಳುವವರು ಸಿಕ್ಕರೆ ಎರಡು ಸಲ ಹೇಳುತ್ತಿದ್ದ. ಗೇಟು, ಕಿಟಕಿಯ ಸರಳು, ಒಡವೆ ಅಂಗಡಿಯ ಕಬ್ಬಿಣದ ಕದ, ಎಲ್ಲ ಅವನ ಕೈಯವೇ. ಇಪ್ಪತ್ತೆಂಟು ವರ್ಷದಲ್ಲಿ ಅವನು ಹಾಕಿದ ಬೆಸುಗೆ ಬಿಟ್ಟದ್ದನ್ನು ಯಾರೂ ಕಂಡಿಲ್ಲ. ಗಿಡ್ಡ ಆಳು, ದೊಡ್ಡ ಮಾತು. ಕೆಲಸ ಬಲ್ಲವನಿಗೆ ಅಷ್ಟು ಜಂಬ ಇರಲಿ ಬಿಡು ಎಂದು ಬೀದಿಯವರೂ ಸುಮ್ಮನಿದ್ದರು. ಅಂಥವನು ಈ ಬೇಸಿಗೆಯಲ್ಲಿ ಅಕ್ಕನ ಫೋನ್ ಬಂದರೆ ಬಚ್ಚಲಿಗೆ ಹೋಗಿ ಅಡಗಿಕೊಳ್ಳುವಂತಾದ.

ಅಕ್ಕ ಜೆಯಲಕ್ಷ್ಮಿಯನ್ನು ಕಂಬಂನ ದ್ರಾಕ್ಷಿ ತೋಟದ ಮನೆಗೆ ಕೊಟ್ಟಿತ್ತು. ಅವಳ ಮಗಳು ಸರಣ್ಯಾ ತೇನಿಯಲ್ಲಿ ದನದ ಡಾಕ್ಟರು. ಅಪ್ಪನ ಕಡೆಯ ಎತ್ತರ, ಐದಡಿ ಒಂಬತ್ತು ಇಂಚು. ದುಡಿದದ್ದನ್ನು ಕೂಡಿಟ್ಟು ಕೊಚ್ಚಿಯಿಂದ ಹಳೆಯದೊಂದು ಕೆಂಪು ಸ್ಪೋರ್ಟ್ಸ್ ಕಾರು ತಂದಿದ್ದಳು. ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಮಾಡು. ಅದನ್ನು ಕೊಯಮತ್ತೂರಿನ ರೇಸ್ ಟ್ರ್ಯಾಕ್‌ನಲ್ಲಿ ಓಡಿಸಬೇಕೆಂಬುದು ಅವಳ ಆಸೆ, ಅದಕ್ಕೊಂದು ರೋಲ್ ಕೇಜ್, ಅಂದರೆ ಕಾರು ಮಗುಚಿದರೆ ತಲೆ ಕಾಯುವ ಪೈಪಿನ ಚೌಕಟ್ಟು, ಬೇಕಿತ್ತು.

ಯಾವ ಕೇಜ್ ಎಂದು ಅವಳು ಆರು ತಿಂಗಳು ಓದಿದ್ದಳು. ಮಾಮನ ವರ್ಕ್‌ಶಾಪಿನಲ್ಲಿ ಸ್ಟೂಲಿನ ಮೇಲೆ ಕೂತು ಬಿಡಿಸಿ ಹೇಳಿದಳು. ಪಳಪಳ ಹೊಳೆಯುವ ಎರಡು ಬಳೆಗಳಂಥವು ಸಿಗುತ್ತವೆ, ಅವು ಬರೀ ನೋಟಕ್ಕೆ. ಟವೆಲ್ ಒಣಹಾಕಬಹುದು ಅಷ್ಟೇ. ಸುತ್ತಲೂ ಪೈಪ್ ಇರುವ ಪೂರ್ತಿ ಕೇಜ್ ಟ್ರ್ಯಾಕ್‌ಗೆ ಸರಿ, ಆದರೆ ಹೆಲ್ಮೆಟ್ ಇಲ್ಲದೆ ರಸ್ತೆಗೆ ಇಳಿದಾಗ ಸಣ್ಣ ಡಿಕ್ಕಿಗೂ ಆ ಪೈಪೇ ಹಣೆ ಒಡೆಯುತ್ತದೆ. ಅದಕ್ಕೇ ಅವಳು ಆರಿಸಿದ್ದು ಹಿಂದಿನ ಅರ್ಧವನ್ನು: ಸೀಟಿನ ಹಿಂದೆ ಗಟ್ಟಿ ಕಮಾನು, ಅದಕ್ಕೆ ಅಡ್ಡ ಓರೆಯಾಗಿ ಒಂದು ಪೈಪ್, ಹಿಂದಕ್ಕೆ ಎರಡು ಆನಿಕೆ, ನೆಲದಡಿಗೆ ದಪ್ಪ ತಗಡು. ಕೋವೈಯಲ್ಲಿ, ಅಂದರೆ ಕೊಯಮತ್ತೂರಿನಲ್ಲಿ, ಇದನ್ನೇ ಮಾಡುವವರೊಬ್ಬರು ಇದ್ದಾರೆ ಎಂದಳು.

"ಕಬ್ಬಿಣ ಬಗ್ಸೋ ಮಾಮ ಇಲ್ಲಿರೋವಾಗ ಕೋವೈಯಿಂದ ಕಬ್ಬಿಣ ತರ್ತೀಯಾ ಕಣ್ಣು?" ಎಂದ ಪಾಂಡಿಯರಾಜನ್, ಅಕ್ಕರೆಗೆ ಅವನು ಅವಳನ್ನು ಕಣ್ಣು ಎಂದೇ ಕರೆಯುವುದು. "ನಾಕು ಜನ ಏನಂತಾರೆ? ಇದು ನನ್ ಸೀರು."

ಸೋದರಮಾವನ ಸೀರು, ಅಂದರೆ ಅಕ್ಕನ ಮಕ್ಕಳಿಗೆ ಅವನು ಕೊಡುವ ಉಡುಗೊರೆ, ಆ ಮಂದಿಯಲ್ಲಿ ಸಣ್ಣ ಮಾತಲ್ಲ. ಕಿವಿ ಚುಚ್ಚುವಾಗ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವವನು ಅವನು. ಅವನು ಕೊಟ್ಟದ್ದನ್ನು ಯಾರೂ ತಿರುಗಿಸಿ ಮುರುಗಿಸಿ ನೋಡುವುದಿಲ್ಲ, ಕಣ್ಣಿಗೊತ್ತಿಕೊಳ್ಳುತ್ತಾರೆ. ಸರಣ್ಯಾ ಕೊಯಮತ್ತೂರಿನ ಮಾತು ಬಿಟ್ಟು, ತಾನು ಬರೆದ ನಕ್ಷೆಯನ್ನು ಅವನ ಕೈಗಿಟ್ಟಳು.

"ಸರಿ ಮಾಮಾ. ಒಂದೇ ಒಂದು. ಕಮಾನು ನನ್ ಹೆಲ್ಮೆಟ್‌ಗಿಂತ ಮೇಲಿರ್ಬೇಕು. ಕಾರು ಮಗುಚಿದ್ರೆ ಅದು ನೆಲಕ್ಕೆ ತಾಕ್ಬೇಕು, ನನ್ ತಲೆ ತಾಕ್ಬಾರ್ದು."

ಪಾಂಡಿಯರಾಜನ್ ಕೆಲಸಕ್ಕೆ ಮೋಸ ಮಾಡಲಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಬೆಸುಗೆಯ ಗೆರೆಯೇ ಇಲ್ಲದ ದುಬಾರಿ ಪೈಪನ್ನು ತರಿಸಿದ. ಇಪ್ಪತ್ತು ವರ್ಷದಿಂದ ಜೊತೆಗಿದ್ದ ಮಾಯಾಂಡಿಯೂ ಅವನೂ ಸೇರಿ ಎರಡು ವಾರ ಬೇರೆ ಕೆಲಸ ಮುಟ್ಟಲಿಲ್ಲ. ನಕ್ಷೆಯಲ್ಲಿ ಇದ್ದಂತೆ ಕಮಾನು ಎದ್ದು ನಿಂತಿತು. ಕಾರನ್ನು ಒಯ್ಯಲು ಅಕ್ಕನ ಮನೆಯವರು ಶುಕ್ರವಾರ ಬರುವವರಿದ್ದರು.

ಬುಧವಾರ ಅವನ ತಾಯಿ ಗೋವಿಂದಮ್ಮಾಳ್ ನೋಡಲು ಬಂದಳು. ಸೊಂಟಕ್ಕೆ ಕೈಯಿಟ್ಟು ಕಾರಿನ ಸುತ್ತ ಒಂದು ಸುತ್ತು ಹಾಕಿದಳು.

"ಏನ್ಲಾ ಪಾಂಡಿ, ಪಾಡೆಗೆ ಕಮಾನು ಕಟ್ಟಿದಂಗಿದೆ."

ಆ ಕಡೆ ಹೆಣ ಹೊರುವ ಪಾಡೆಗೆ ಬಿದಿರು ಬಗ್ಗಿಸಿ ಕಮಾನು ಕಟ್ಟಿ ಹೂ ಸುತ್ತುತ್ತಾರೆ. ಎದುರಿನ ಬಣ್ಣದ ಅಂಗಡಿಯ ವೇಲು ಅಲ್ಲೇ ನಿಂತಿದ್ದ. "ಹೂವು ನಾನ್ ತರ್ತೀನಿ ಅಣ್ಣೇ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಜೆಯೊಳಗೆ ಟೀ ಅಂಗಡಿಗೂ ಸುದ್ದಿ ಮುಟ್ಟಿತು. ಪಾಂಡಿಯರಾಜನ್ ಟೀ ಕುಡಿಯಲು ಹೋದರೆ ಇಬ್ಬರು ಎದ್ದು ನಿಂತು ದುಃಖದ ಮುಖ ಮಾಡಿ ಕೈಮುಗಿದರು.

ಮರುದಿನ ಅವನು ಗ್ರೈಂಡರ್ ಎತ್ತಿಕೊಂಡ.

"ಪಾಪ್ಪಾ ಉಯರಂ ಅಣ್ಣೇ" ಎಂದ ಮಾಯಾಂಡಿ, ಹುಡುಗಿ ಎತ್ತರ ಇದ್ದಾಳೆ ಎಂದು.

"ಕಾರೇನು ದಿನಾ ಮಗುಚತ್ತಾ? ನೀನ್ ಹಿಡ್ಕೋ ಸುಮ್ನೆ."

ಕಮಾನಿನ ಕಾಲುಗಳಲ್ಲಿ ನಾಲ್ಕು ಇಂಚು ಕತ್ತರಿಸಿ, ಆನಿಕೆಗಳನ್ನೂ ತಗ್ಗಿಸಿ, ಮತ್ತೆ ಬೆಸೆದ. ಈಗ ಅದು ಅಂದವಾಗಿ, ಗಂಭೀರವಾಗಿ, ಯಾವ ಪಾಡೆಯನ್ನೂ ನೆನಪಿಸದಂತೆ ಕೂತಿತ್ತು. ಪಾಂಡಿಯರಾಜನ್ ಸೀಟಿನಲ್ಲಿ ತಾನೇ ಕೂತು ನೋಡಿದ. ಅವನ ತಲೆ ಕಮಾನಿನ ಕೆಳಗೇ ಇತ್ತು. ಸರಿಯಾಗಿದೆ ಎಂದು ತನಗೆ ತಾನೇ ಹೇಳಿಕೊಂಡ, ಮಾಯಾಂಡಿಯ ಕಡೆ ಮಾತ್ರ ನೋಡಲಿಲ್ಲ.

ಶುಕ್ರವಾರ ಕರ್ಪೂರ ಹಚ್ಚಿದರು, ಚಕ್ರದಡಿಗೆ ನಿಂಬೆಹಣ್ಣು ಇಟ್ಟರು. ಮಾಮ ಅಂದ್ರೆ ಇಂಗಿರ್ಬೇಕು ಎಂದು ಬಂದವರೆಲ್ಲ ಹೊಗಳಿದರು. ಸರಣ್ಯಾ ಸೀಟಿಗೆ ಇಳಿದು ಕೂತಳು. ಅವಳ ಕೈ ತಲೆಯ ಹಿಂದೆ ಹೋಯಿತು, ಕಮಾನನ್ನು ಹುಡುಕಿತು, ನೆತ್ತಿಗಿಂತ ಕೆಳಗೆ ಸಿಕ್ಕಿದಾಗ ಅಲ್ಲೇ ನಿಂತಿತು. ಕನ್ನಡಿಯಲ್ಲಿ ಮಾಮನನ್ನು ನೋಡಿದಳು. ಆಮೇಲೆ ಕಾರಿನಿಂದ ಇಳಿದು ಬಂದು ಎಲ್ಲರ ಮುಂದೆ ಅವನ ಕಾಲಿಗೆ ನಮಸ್ಕಾರ ಮಾಡಿದಳು. ಒಂದು ಮಾತು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಅಲ್ಲಿಂದ ಮುಂದೆ ಮೂರು ವಾರ ಅಕ್ಕನ ಫೋನ್ ಬಂದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಸರಣ್ಯಾ ಹೆಸರು ಕೊಟ್ಟಿದ್ದ ಟ್ರ್ಯಾಕ್‌ನ ದಿನ ಹತ್ತಿರ ಬರುತ್ತಿತ್ತು. ಹೇಳಬೇಕು ಎಂದು ಅವಳಿಗೆ ಫೋನ್ ಮಾಡುವುದು, ಬಿಸಿಲು ಜೋರಾಗಿದೆಯಾ ಎಂದು ಕೇಳಿ ಇಡುವುದು. ಅವ್ವ ಅಪಶಕುನ ಅಂದಳು, ನಾನೇನು ಮಾಡಲಿ ಎಂಬ ಉತ್ತರವನ್ನು ಬಾಯಿಪಾಠ ಮಾಡಿ ಇಟ್ಟುಕೊಂಡಿದ್ದ. ಕೊನೆಗೆ ಒಂದು ದಿನ ಫೋನ್ ಎತ್ತಿದಾಗ ಅಕ್ಕನೇ ಹೇಳಿದಳು, ಸರಣ್ಯಾ ಕೋವೈಗೆ ಹೋಗುತ್ತಿಲ್ಲ, ಬೆನ್ನುನೋವಂತೆ, ಹೆಸರು ವಾಪಸು ತೆಗೆದುಕೊಂಡಳು.

ಮೊದಲು ಅವನಿಗೆ ಆದದ್ದು ಸಮಾಧಾನ. ಅಬ್ಬಾ, ಉಳಿದುಕೊಂಡೆ ಎಂದು. ಉಳಿದದ್ದು ತಾನು ಎಂದು ತನ್ನ ಮನಸ್ಸಿಗೆ ಮೊದಲು ಬಂತಲ್ಲ, ಅದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಭಾನುವಾರ ಅವ್ವನನ್ನು ಕೂರಿಸಿಕೊಂಡು ಹೊರಟ. ವತ್ತಲಗುಂಡು, ಪೆರಿಯಕುಳಂ, ತೇನಿ ದಾಟುವವರೆಗೂ ಬಾಯಿಪಾಠ ಮಾಡಿದ್ದನ್ನೇ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದ. ಕಂಬಂನ ಮನೆಯ ಅಂಗಳಕ್ಕೆ ಇಳಿದಾಗ ಸರಣ್ಯಾ ಹಣ್ಣು ತುಂಬಿದ ಕ್ರೇಟನ್ನು ಎರಡು ಕೈಯಲ್ಲಿ ಎತ್ತಿ ಟೆಂಪೋಗೆ ಏರಿಸುತ್ತಿದ್ದಳು. ಬೆನ್ನು ನೆಟ್ಟಗಿತ್ತು. ಪಕ್ಕದ ಶೆಡ್ಡಿನಲ್ಲಿ ಕಾರು ಟಾರ್ಪಾಲ್ ಹೊದ್ದು ನಿಂತಿತ್ತು.

"ಬೆನ್ನು ಎಂಗಿದೆ ಕಣ್ಣು?"

"ಪರವಾಯಿಲ್ಲೆ ಮಾಮಾ" ಎಂದಳು ಅವಳು, ಕಣ್ಣು ತಪ್ಪಿಸಿ.

ಅಕ್ಕ, ಭಾವ, ಹಣ್ಣು ಆರಿಸುವ ಹೆಂಗಸರು ಎಲ್ಲರೂ ಅಲ್ಲೇ ಇದ್ದರು. ಪಾಂಡಿಯರಾಜನ್ ಬಾಯಿಪಾಠ ಮಾಡಿದ್ದನ್ನು ಶುರು ಮಾಡಿದ. "ಆ ಕಮಾನು... ನಾನ್ ನಿನ್ ನಕ್ಷೆ ತರಾನೇ ಮಾಡಿದ್ದೆ. ಅವ್ವ ನೋಡಿ ಪಾಡೆ ಇದ್ದಂಗಿದೆ ಅಂದ್ಳು. ಅದಕ್ಕೇ ಕುಯ್ದೆ."

ಗೋವಿಂದಮ್ಮಾಳ್ ನೀರು ಕುಡಿಯುತ್ತಿದ್ದ ಚೊಂಬನ್ನು ಕೆಳಗಿಟ್ಟಳು.

"ಕಂಡಿದ್ದು ಹೇಳ್ದೆ. ಕುಯ್ಯಿ ಅಂದೆನಾ? ಮಗೀನ್ ತಲೆಗಿಂತ ನನ್ ಬಾಯಿ ದೊಡ್ಡದಾ? ಮಾರ್ನೆ ದಿನಾನೇ ಕುಯ್ದಾಕಿದ್ದೆ ನೀನು, ನನ್ನ ಒಂದ್ ಮಾತು ಕೇಳ್ದಾ?"

ಕೇಳಿರಲಿಲ್ಲ. ಪಾಂಡಿಯರಾಜನಿಗೆ ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು.

"ಇಲ್ಲ" ಎಂದ. "ಅವ್ವ ಕುಯ್ಯಿ ಅನ್ಲಿಲ್ಲ. ಟೀ ಅಂಗ್ಡೀಲಿ ನಗಾಡಿದ್ರು. ನನ್ ಮಾನ ಹೋಯ್ತದೆ ಅಂತ ಕುಯ್ದೆ. ಕುಯ್ಯೋವಾಗ ಗೊತ್ತಿತ್ತು ನಂಗೆ, ಕಣ್ಣು. ಮಾಯಾಂಡಿನೂ ಹೇಳ್ದ." ಆಮೇಲೆ ಅವಳ ಕಡೆ ತಿರುಗಿ ಕೇಳಿದ, "ನೀನ್ ಯಾಕೆ ಅವತ್ತೇ ಹೇಳ್ಳಿಲ್ಲ?"

"ಅಷ್ಟು ಜನ ಇದ್ರಲ್ಲ ಮಾಮಾ" ಎಂದಳು ಸರಣ್ಯಾ ಮೆಲ್ಲಗೆ. "ಕಮಾನಿನ ಮೇಲೆ ನನ್ ತಲೆ ಕಂಡ್ರೆ ನಿಮ್ಮುನ್ನ ಆಡ್ಕೋತಾರೆ ಅಂತ, ನಿಮ್ ಬೀದಿ ದಾಟೋ ತನ್ಕ ಸೀಟಲ್ಲಿ ಕೆಳಕ್ಕೆ ಜಾರ್ಕಂಡು ಕೂತು ಓಡಿಸ್ದೆ. ರೋಡು ಸರಿಯಾಗಿ ಕಾಣ್ತಾನೇ ಇರ್ಲಿಲ್ಲ."

ಅವನು ಕ್ರೇಟುಗಳ ಮೇಲೆ ಕೂತುಬಿಟ್ಟ. ಪೈಪಿನ ದಪ್ಪ ನೋಡಿದ್ದ, ಬೆಸುಗೆ ನೋಡಿದ್ದ, ಬೀದಿಯವರ ಮುಖ ನೋಡಿದ್ದ. ಆ ಬೀದಿಯಲ್ಲೇ ಈ ಹುಡುಗಿ ದಾರಿ ಕಾಣದೆ ಕಾರು ನಡೆಸಿದ್ದಳು, ಅದೂ ಅವನ ಮಾನ ಉಳಿಸಲು. ಟವೆಲಿನಿಂದ ಕಣ್ಣೊರೆಸಿಕೊಂಡ, ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

ಆಮೇಲೆ ಅವಳಿಂದ ಕೊಯಮತ್ತೂರಿನವರ ನಂಬರು ಕೇಳಿ ಪಡೆದು, ಅಂಗಳದಲ್ಲೇ ನಿಂತು ಫೋನ್ ಮಾಡಿದ. ಸ್ಪೀಕರ್ ಹಾಕಿದ. ಆ ಕಡೆಯವನು ತಮಿಳಿನಲ್ಲಿ ವಿಚಾರಿಸಿ, ಈಗ ಇರುವ ಕೇಜ್ ತೆಗೆಯಬೇಕಾ, ಅದನ್ನು ಯಾರು ಮಾಡಿದ್ದು ಎಂದು ಕೇಳಿದ.

"ನಾನೇ" ಎಂದ ಪಾಂಡಿಯರಾಜನ್. "ದಿಂಡಿಗಲ್ ಪಾಂಡಿಯರಾಜನ್. ತಪ್ಪಾಗಿ ಮಾಡಿದ್ದೀನಿ. ಅದನ್ನ ನಾನೇ ಬಿಚ್ಚಿ, ಗಾಡೀನ ಲಾರೀಲಿ ಕಳಿಸ್ತೀನಿ."

"ಆಗಲಿ ಸಾರ್. ಓಡಿಸುವವರು ಕೂತಾಗ ಸೀಟಿನಿಂದ ಹೆಲ್ಮೆಟ್ ತುದಿಗೆ ಎಷ್ಟು ಬರುತ್ತೆ?"

ಕಾರಿನ ಅಗಲ ಅವನಿಗೆ ಗೊತ್ತಿತ್ತು, ತೂತುಗಳ ಅಂತರ ಗೊತ್ತಿತ್ತು. ಇದೊಂದನ್ನು ಅವನು ಯಾವತ್ತೂ ಅಳೆದಿರಲಿಲ್ಲ.

"ಗೊತ್ತಿಲ್ಲ" ಎಂದ. "ಲೈನಲ್ಲೇ ಇರಿ."

ಸರಣ್ಯಾ ಟಾರ್ಪಾಲ್ ಸರಿಸಿ, ಹೆಲ್ಮೆಟ್ ಹಾಕಿಕೊಂಡು ಸೀಟಿಗೆ ಇಳಿದಳು. ಅಂಗಳದ ಜನವೆಲ್ಲ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಕಮಾನಿನ ಮೇಲೆ ಹೆಲ್ಮೆಟ್ ಎದ್ದು ಕಾಣುತ್ತಿತ್ತು, ಈಗ ಅದು ಎಲ್ಲರಿಗೂ ಕಂಡಿತು. ಅವರೆಲ್ಲ ನೋಡುತ್ತಿದ್ದಾರೆಂದು ಅವಳು ಅವತ್ತಿನಂತೆಯೇ ಸ್ವಲ್ಪ ಕೆಳಕ್ಕೆ ಜಾರಿದಳು.

ಪಾಂಡಿಯರಾಜನ್ ಟೇಪ್ ಹಿಡಿದು ಪಕ್ಕದಲ್ಲಿ ಮಂಡಿಯೂರಿದ.

"ಜಾರ್ಬೇಡ ಕಣ್ಣು" ಎಂದ. "ನೆಟ್ಟಗೆ ಕೂರು. ನೋಡ್ಲಿ."