ಟೈಪಕ್ಕನ ಪಕ್ಷ

ಮೇಜಿನ ಕೆಳಗೆ ತೂರಿಕೊಂಡು ಕಂಪ್ಯೂಟರಿನ ಹಿಂದಿನ ವೈರುಗಳನ್ನು ಕೀಳುತ್ತಿದ್ದವನಿಗೆ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಗಡಿಬಿಡಿಯಲ್ಲಿ ಹೊರಗೆ ಬರಲು ಹೋಗಿ ತಲೆಯನ್ನು ಮೇಜಿನ ಅಂಚಿಗೆ ಬಡಿದುಕೊಂಡ.

“ಏನ್ ಹುಡುಕ್ತಿದೀರಿ?” ಎಂದಳು ಸತ್ತವಳ ತಂಗಿ.

“ಇದು ಪ್ರೆಸ್ಸಿಂದು. ಯಜಮಾನರು ತಗೊಂಡ್ ಬಾ ಅಂದ್ರು.”

“ಇವತ್ತೇ?”

ಅವನು ತಲೆ ಉಜ್ಜಿಕೊಂಡ. ಗೋಡೆಯ ಆಚೆ, ಹಜಾರದಲ್ಲಿ, ಹೆಣ ಮಲಗಿಸಿದ್ದರು. ವ್ಯಾನು ಇನ್ನೂ ಬಂದಿರಲಿಲ್ಲ. ಅಂಗಳದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಪ್ರೆಸ್ಸಿನವರೆಲ್ಲ ಕೂತಿದ್ದರು, ಯಜಮಾನರೂ ಇದ್ದರು.

ಸತ್ತವಳನ್ನು ಪ್ರೆಸ್ಸಿನಲ್ಲಿ ಎಲ್ಲರೂ ಟೈಪಕ್ಕ ಎನ್ನುತ್ತಿದ್ದರು. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಸೇರಿದವಳು, ಕಂಪ್ಯೂಟರು ಬಂದ ಮೇಲೆ ಅದರ ಮುಂದೆ ಕೂತು ಮೊನ್ನೆಯವರೆಗೂ ಅಕ್ಷರ ಜೋಡಿಸಿದವಳು. ಮದುವೆಯಾಗಿರಲಿಲ್ಲ. ತಂಗಿಯ ಮನೆಯ ಈ ಹಿಂದಿನ ಕೋಣೆಯಲ್ಲೇ ಇದ್ದಳು. ನಿನ್ನೆ ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ಕುಸಿದವಳು ಮತ್ತೆ ಏಳಲಿಲ್ಲ. ಎದೆಬಡಿತ ನಿಂತುಹೋಗಿದೆ ಎಂದರು ಡಾಕ್ಟರು.

ಮೇಜಿನ ಕೆಳಗಿದ್ದವನು ಪ್ರೆಸ್ಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಪೆಂಗ್ವಿನ್ ಎಂದು ಅವನಿಗೆ ಹೆಸರಿಟ್ಟವಳು ಟೈಪಕ್ಕನೇ. ಅವನ ಲ್ಯಾಪ್‌ಟಾಪಿನ ಮೇಲೆ ಲಿನಕ್ಸಿನ ಗುರುತಿನ ಆ ಹಕ್ಕಿಯ ಚಿತ್ರವಿತ್ತು. ನಡಿಗೆಯೂ ಸ್ವಲ್ಪ ಹಾಗೆಯೇ ಇತ್ತು.

ಯಜಮಾನರು ಅವನನ್ನು ಬೆಳಿಗ್ಗೆಯೇ ಪಕ್ಕಕ್ಕೆ ಕರೆದಿದ್ದರು. ಎದುರಿನ ಪ್ರೆಸ್ಸಿನವರು ಈ ಸಲ ತಂದ ಕ್ಯಾಲೆಂಡರು ಥೇಟ್ ತಮ್ಮದರ ಹಾಗೇ ಇತ್ತು ಎಂಬುದು ಅವರ ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು. ಮೂಲೆಗೆ ಬಿದ್ದಿದ್ದ ಹಳೆಯ ಮಷೀನನ್ನು ಟೈಪಕ್ಕ ಮನೆಗೆ ಒಯ್ಯುತ್ತೇನೆಂದು ಕೇಳಿದಾಗ ಹೂಂ ಎಂದಿದ್ದರೂ ಆಮೇಲೆ ಅದೇ ಅವರ ತಲೆ ಕೊರೆದಿತ್ತು. ಗೇಟು ದಾಟಿದ ಮೇಲೆ ಪ್ರೆಸ್ಸಿನ ಮಾತೇ ಬೇಡ ಎನ್ನುತ್ತಿದ್ದವಳಿಗೆ ಮನೆಯಲ್ಲಿ ಕಂಪ್ಯೂಟರ್ ಯಾಕೆ?

“ಎದುರಿನವರಿಗೆ ಇಲ್ಲಿಂದ್ಲೇ ಮಾಡ್ಕೊಡ್ತಿದ್ಲು ಕಣೋ,” ಎಂದಿದ್ದರು ಯಜಮಾನರು. “ನೆಂಟರು ಕೈ ಹಾಕೋ ಮುಂಚೆ ಎತ್ಕೊಂಡ್ ಬಾ.”

ಪೆಂಗ್ವಿನ್‌ಗೆ ಅದು ಸುಳ್ಳೆನಿಸಿರಲಿಲ್ಲ.

* * *

ಮೊದಲು ಅವರಿಬ್ಬರದು ತಮಾಷೆಯ ಜಗಳವಾಗಿತ್ತು. ಟೀ ಹೊತ್ತಿಗೆ ಅವನು ಶುರು ಮಾಡುತ್ತಿದ್ದ. ಕಂಪ್ಯೂಟರ್ ನಡೆಸಲು ವಿಂಡೋಸ್ ಬದಲು ಲಿನಕ್ಸ್ ಇರಲಿ, ಅದು ಪುಕ್ಕಟೆ, ವೈರಸ್ಸಿನ ಕಾಟ ಕಡಿಮೆ, ಮುದಿ ಮಷೀನಿನಲ್ಲೂ ಓಡುತ್ತದೆ, ಒಳಗೇನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ತಾನು ಬಿಚ್ಚಿ ನೋಡಲು ಬಂದವಳಲ್ಲ, ಅಚ್ಚಿಗೆ ಕೊಡಲು ಬಂದವಳು ಎನ್ನುತ್ತಿದ್ದಳು ಟೈಪಕ್ಕ. ಹಳೆಯ ಫೈಲು ಅದರಲ್ಲಿ ತೆರೆದರೆ ಒತ್ತಕ್ಷರಗಳೆಲ್ಲ ದಿಕ್ಕಾಪಾಲಾಗುತ್ತವೆ, ಪುಟ ಕಟ್ಟುವ ಸಾಫ್ಟ್‌ವೇರು ಅದಕ್ಕೆ ಒಗ್ಗುವುದಿಲ್ಲ, ವಿಂಡೋಸ್ ಆದರೆ ಯಾವ ಊರಿನ ಪ್ರೆಸ್ಸಿಗೆ ಹೋದರೂ ಇರುತ್ತದೆ. ಕೆಲಸದ ನಡುವೆ ಅಪ್‌ಡೇಟ್ ಅಂತ ಕೂತುಬಿಡುತ್ತದಲ್ಲ ಎಂದು ಅವನು ಚುಚ್ಚಿದರೆ, ಕೂರಲಿ ಪಾಪ, ಅಷ್ಟರಲ್ಲಿ ನನ್ನದೊಂದು ಟೀ ಆಗುತ್ತದೆ ಎನ್ನುತ್ತಿದ್ದಳು. ತೀರ್ಪು ಕೇಳಿದರೆ ಬೈಂಡಿಂಗಿನ ತಾತ ಎರಡಕ್ಕೂ ಕರೆಂಟು ಬೇಕು ತಾನೇ ಎಂದು ಎದ್ದು ಹೋಗುತ್ತಿದ್ದ.

ಎಲ್ಲ ಮಷೀನಿಗೂ ಲಿನಕ್ಸನ್ನೇ ಹಾಕುವುದೆಂದು ಯಜಮಾನರು ಒಪ್ಪಿದ ಮೇಲೆ ತಮಾಷೆ ಮುಗಿಯಿತು. ಟೈಪಕ್ಕ ತನ್ನ ಮಷೀನು ಮುಟ್ಟಗೊಡಲಿಲ್ಲ. ಕುರ್ಚಿ ಒಂದು ಗೇಣು ಸರಿದಿದ್ದರೂ ಯಾರು ಬಂದಿದ್ದರೆಂದು ಕೇಳುತ್ತಿದ್ದಳು. ಗಿರಾಕಿಗಳು ಬರೆದು ತಂದ ಹಾಳೆಯನ್ನು ಅವರಿಗೇ ತಿರುಗಿಸಿ ಕೊಟ್ಟು, ಕಾಗೆ ಕಾಲು ಗುಬ್ಬಿ ಕಾಲು ನನ್ನಿಂದಾಗಲ್ಲ, ನೀವೇ ಓದಿ ಎನ್ನುತ್ತಿದ್ದಳು. ಅವನ ಜೊತೆ ಮಾತಾಡುವಾಗಲಂತೂ ಎಂದೂ ಮುಖ ಕೊಡುತ್ತಿರಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿ ಕಣ್ಣಿನ ಕೊನೆಯಿಂದ ನೋಡುತ್ತಿದ್ದಳು, ಜೇಬಿಗೆ ಕೈ ಹಾಕುವವನನ್ನು ನೋಡುವ ಹಾಗೆ.

ವಿಂಡೋಸ್ ಮಾರುವ ಅಂಗಡಿಯವನು ಈಕೆಗೆ ಏನೋ ಕೊಡುತ್ತಿರಬೇಕು ಎಂದು ಅವನಿಗೆ ಅನ್ನಿಸಿತು. ಒಂದು ದಿನ ಕೇಳಿಯೂ ಬಿಟ್ಟ.

“ನಿಂಗೆ ಯಾರು ಏನ್ ಕೊಡ್ತಾರೆ, ಅದನ್ನ ಹೇಳು ಮೊದ್ಲು,” ಎಂದಳು ಟೈಪಕ್ಕ, ಅದೇ ಓರೆನೋಟದಲ್ಲಿ.

* * *

ತಂಗಿ ಹಜಾರಕ್ಕೆ ಹೋಗಿ ಮಗಳನ್ನು ಕರೆತಂದಳು. ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

“ತಗೊಂಡ್ ಹೋಗಿ, ಬೇಡ ಅನ್ನಲ್ಲ,” ಎಂದಳು. “ಆದ್ರೆ ಒಳಗೇನಿದೆ ಅಂತ ನಮ್ಮೆದುರಿಗೇ ನೋಡಿ. ನಾವು ಅಳಿಸಿದ್ವಿ ಅಂತ ನಾಳೆ ನೀವು ಹೇಳ್ಬಾರ್ದು. ನೀವು ಅಳಿಸಿದ್ರಿ ಅಂತ ನಾವೂ ಹೇಳ್ಬಾರ್ದು.”

ಅವನು ಕಿತ್ತ ವೈರುಗಳನ್ನು ಮತ್ತೆ ಸಿಕ್ಕಿಸತೊಡಗಿದ. ಕರೆಂಟಿನದು, ಕೀಬೋರ್ಡಿನದು, ಸ್ಪೀಕರಿನದು. ಮುಂದಿನದಕ್ಕೆ ಕೈ ಚಾಚಿದರೆ ಇನ್ನೊಂದು ವೈರೇ ಇರಲಿಲ್ಲ. ಎದ್ದು ನಿಂತು ಮೇಜಿನ ಮೇಲೆ ನೋಡಿದ.

“ಮಾನಿಟರ್ ಎಲ್ಲಿ?”

“ಅಟ್ಟದ ಮೇಲೆ. ಅದು ದಂಡ, ಜಾಗಕ್ಕೆ ಅಡ್ಡ ಅಂದ್ರು ದೊಡ್ಡಮ್ಮ.” ಅವಳು ಅವನ ಮುಖವನ್ನೇ ನೋಡುತ್ತಿದ್ದಳು. “ಅವರಿಗೆ ಕಣ್ಣು ಹೋಗ್ತಾ ಬಂದಿತ್ತು. ಎದುರಿಗಿದ್ದದ್ದು ಕಾಣ್ತಿರ್ಲಿಲ್ಲ, ಪಕ್ಕದ್ದು ಮಾತ್ರ ಒಂಚೂರು. ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?”

ಗೊತ್ತಿರಲಿಲ್ಲ ಎಂದು ಅವನು ತಲೆಯಾಡಿಸಿದ. ತಂಗಿ ಅದನ್ನು ನಂಬಿದಂತೆ ಕಾಣಲಿಲ್ಲ.

ಉಳಿದದ್ದನ್ನು ಮಗಳೇ ಹೇಳಿದಳು. ಪ್ರೆಸ್ಸಿನ ಮಷೀನಿನಲ್ಲಿ ಯಾವುದು ಎಲ್ಲಿದೆ ಎಂದು ದೊಡ್ಡಮ್ಮನ ಕೈಗೆ ಬಾಯಿಪಾಠವಾಗಿತ್ತು. ಅದನ್ನು ಬದಲಾಯಿಸಿದರೆ ಒಂದು ದಿನದಲ್ಲಿ ಸಿಕ್ಕಿಬೀಳುತ್ತಿದ್ದಳು. ಬೇಡವೆಂದು ವಾದ ಮಾಡಿ ಆಗಲಿಲ್ಲ. ಆಮೇಲೆ ಈ ಹಳೆಯದನ್ನು ತಂದು, ಇದಕ್ಕೆ ಲಿನಕ್ಸ್ ಹಾಕಿಕೊಡು ಎಂದು ಮಗಳ ಬೆನ್ನು ಹತ್ತಿದಳು. ಒತ್ತಿದ ಕೀಯನ್ನೂ ಬರೆದ ಸಾಲನ್ನೂ ಓದಿ ಹೇಳುವ ದನಿ ಅದರಲ್ಲೇ ಇತ್ತು. ದಿನಾ ಪ್ರೆಸ್ಸಿಗೆ ಹೊರಡುವ ಮುಂಚೆ ಕೂತು ಕಲಿಯುತ್ತಿದ್ದಳು.

“ನನ್ನ ಕೇಳಿದ್ರೆ ನಾನೇ ಕಲಿಸ್ತಿದ್ನಲ್ಲ,” ಎಂದ ಅವನು.

“ನಿಮಗೆ ಮಾತ್ರ ಗೊತ್ತಾಗಬಾರದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು. ಹೊಸದನ್ನ ತರ್ತಿರೋದೇ ನನ್ನ ಮನೆಗೆ ಕಳಿಸೋಕೆ, ಆ ಪೆಂಗ್ವಿನ್ ನೋಡೋಕಷ್ಟೇ ಸಾಧು ಅಂತಿದ್ರು.” ಅವಳು ಕಣ್ಣೊರೆಸಿಕೊಂಡಳು. “ಹೌದಾ ಅದು?”

* * *

ಹೊಸದಕ್ಕೆ ಒಪ್ಪುವ ಮೊದಲು ಯಜಮಾನರು ಅವನನ್ನು ಒಳಗೆ ಕರೆದು ಒಂದೇ ಒಂದು ವಿಷಯ ಕೇಳಿದ್ದರು. ಇಬ್ಬರು ಮಾಡುತ್ತಿದ್ದ ಟೈಪಿನ ಕೆಲಸ ಇದರಿಂದ ಒಬ್ಬರಿಗೇ ಆಗುತ್ತದೆಯೇ ಎಂದು. ಟೈಪಿಗೆ ಇದ್ದವರು ಟೈಪಕ್ಕ ಮತ್ತು ಹೊಸದಾಗಿ ಸೇರಿದ ಇನ್ನೊಬ್ಬಳು. ಯಾರನ್ನು ಬಿಡುತ್ತಾರೆ ಎಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

“ಆಗ್ಬಹುದು ಸಾರ್,” ಎಂದಿದ್ದ.

ಹೊರಗೆ ಬಂದಾಗ ಟೈಪಕ್ಕ ಬಾಗಿಲ ಪಕ್ಕದಲ್ಲೇ ಲೋಟ ತೊಳೆಯುತ್ತಿದ್ದಳು. ಗೋಡೆಯ ಕಡೆ ಮುಖ ಮಾಡಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಎಂದು ಅವನಿಗೆ ತಿಳಿಯಲಿಲ್ಲ.

* * *

“ಹಾಗೇನಿಲ್ಲ,” ಎಂದ ಪೆಂಗ್ವಿನ್.

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಅವನು ಬಗ್ಗಿ ಸ್ವಿಚ್ಚು ಒತ್ತಿದ. ಮಷೀನಿನೊಳಗೆ ಫ್ಯಾನು ಗೊರಗೊರ ಎಂದಿತು. ಏಳುವುದಕ್ಕೆ ಹೊತ್ತು ಹಿಡಿಯುತ್ತದೆ, ಎದ್ದ ಮೇಲೆ ದೊಡ್ಡಮ್ಮ ಕೊನೆಗೆ ಬರೆದಿಟ್ಟದ್ದನ್ನು ತಾನಾಗಿಯೇ ಓದುತ್ತದೆ, ಹಾಗೆ ಮಾಡಿಕೊಟ್ಟಿದ್ದೇನೆ ಎಂದಳು ಮಗಳು. ಏನು ಬರೆದಿದ್ದಾರೋ ತನಗೂ ಗೊತ್ತಿಲ್ಲ ಎಂದಳು.

ಅಷ್ಟರಲ್ಲಿ ವ್ಯಾನು ಬಂತು. ಹಜಾರದಲ್ಲಿ ಅಳು ಒಮ್ಮೆಲೇ ಎದ್ದಿತು. ಹೆಣ ಎತ್ತಲು ಆಳು ಸಾಲದೆಂದು ಬೈಂಡಿಂಗಿನ ತಾತ ಅವನನ್ನು ಕೂಗಿದ. ಮೂವರೂ ಓಡಿದರು. ಹಿಂದಿನ ಬಲಗಡೆ ಅವನು ಹೆಗಲು ಕೊಟ್ಟ. ಟೈಪಕ್ಕ ಅವನು ಎಣಿಸಿದ್ದಕ್ಕಿಂತ ಹಗುರವಾಗಿದ್ದಳು.

ಹೊಸ್ತಿಲ ಹತ್ತಿರ ಬರುವಾಗ ಹಿಂದಿನ ಕೋಣೆಯಿಂದ ದನಿಯೊಂದು ಕೇಳಿಸಿತು. ಏರಿಳಿತವಿಲ್ಲದ, ಯಾವ ಅವಸರವೂ ಇಲ್ಲದ ಹೆಂಗಸಿನ ದನಿ.

“ಮಾನ್ಯರೇ, ನಮ್ಮ ಹಿರಿಯ ಮಗಳ ಮದುವೆಯನ್ನು ಗುರುಹಿರಿಯರು ನಿಶ್ಚಯಿಸಿರುವುದರಿಂದ...”

ಅಳು ನಿಂತಿತು. ಮುಂದೆ ಹೆಗಲು ಕೊಟ್ಟಿದ್ದ ತಾತನ ಹೆಜ್ಜೆ ತಡೆಯಿತು. ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೋಣೆಯ ಕಡೆ ತಿರುಗಿದಳು. ಅಂಗಳದಲ್ಲಿ ಯಜಮಾನರು ಕುರ್ಚಿಯಿಂದ ಎದ್ದು ಕತ್ತು ಚಾಚಿದರು.

“...ತಾವು ಬಂಧುಮಿತ್ರರೊಡನೆ ಬಂದು ವಧೂವರರನ್ನು ಹರಸಬೇಕಾಗಿ...”

ಕಲಿಯಲೆಂದು ಬರೆದದ್ದೋ, ಯಾರಿಗೋ ಮಾಡಿಕೊಡುತ್ತಿದ್ದದ್ದೋ. ಕರೆಯೋಲೆಯ ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ, ಅಚ್ಚು ಹಾಕಿದ ಪ್ರೆಸ್ಸಿನ ಹೆಸರಿರುತ್ತದೆ, ತಮ್ಮದೋ ಎದುರಿನವರದೋ. ಹೆಣ ಹೊತ್ತ ಹೆಗಲನ್ನು ಒಂದಿಷ್ಟೂ ಅಲುಗಿಸದೆ ಪೆಂಗ್ವಿನ್ ಆ ಕೊನೆಯ ಸಾಲಿಗಾಗಿ ಕಿವಿಗೊಟ್ಟು ನಿಂತ.

ಹೊರಗೆ ವ್ಯಾನಿನವನು ಇಂಜಿನ್ನು ಶುರು ಮಾಡಿದ.