ಮಡಚಿ ಒಯ್ಯುವ ಹೊಂಗೆ ಮರ

ಹೆಬ್ಬಗೋಡಿಯಲ್ಲಿ ಮಳೆ ಯಾವ ಹೊತ್ತಿಗೆ ಬರುತ್ತದೆಂದು ಮಲಕವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಫ್ಯಾಕ್ಟರಿಯ ಪಾಳಿ ಮುಗಿಸಿದ ಹೆಣ್ಣುಮಕ್ಕಳು ಖಾಲಿ ಟಿಫಿನ್ ಡಬ್ಬಿ ಲೊಟಲೊಟ ಅನ್ನಿಸುತ್ತ ಹೊಸೂರು ರಸ್ತೆಯ ಬದಿಗೆ ಬಂದು ಬಸ್ಸಿಗಾಗಿ ಕತ್ತು ಚಾಚಿದರೋ ಇಲ್ಲವೋ, ಆನೇಕಲ್ಲಿನ ಕಡೆಯ ಆಕಾಶ ಕಪ್ಪಿಟ್ಟುಕೊಂಡು ಬರುತ್ತಿತ್ತು. ಅವಳ ವ್ಯಾಪಾರದ ಹೊತ್ತೂ ಅದೇ.

ವ್ಯಾಪಾರವೆಂದರೆ ಬಲೂನಿಗೆ ಗುರಿ ಹೊಡೆಸುವುದು. ಮರದ ಚೌಕಟ್ಟಿಗೆ ಬಿಗಿದ ಬಟ್ಟೆ, ಅದರ ಮೇಲೆ ಸಾಲು ಸಾಲು ಬಲೂನು, ಅದಕ್ಕೆ ಎದುರಾಗಿ ಒಂದು ಬೆಂಚು, ಬೆಂಚಿನ ಮೇಲೆ ಏರ್‌ಗನ್ನು. ಗಂಡ ಭೀಮಪ್ಪ ಸೀಸದ ಸಣ್ಣ ಗುಂಡು ತುಂಬಿ ಕೊಡುವನು. ಮಲಕವ್ವ ಕೆನ್ನೆ ಉಬ್ಬಿಸಿ ಬಲೂನು ಊದಿ ಕಟ್ಟುವಳು. ಇಂಡಿ ತಾಲೂಕಿನಿಂದ ಕಟ್ಟಡದ ಕೆಲಸಕ್ಕೆಂದು ಬಂದ ಗಂಡಹೆಂಡತಿ ಅವರು. ಸೆಂಟ್ರಿಂಗ್ ಹಲಗೆಯಿಂದ ಬಿದ್ದು ಭೀಮಪ್ಪನ ಕಾಲು ಕುಂಟಾದ ಮೇಲೆ, ಊರಿಗೆ ಹೊರಟಿದ್ದ ಒಬ್ಬ ಮುದುಕ ತನ್ನ ಗನ್ನನ್ನೂ ಬೋರ್ಡನ್ನೂ ಇವರಿಗೆ ಒಪ್ಪಿಸಿ ಹೋಗಿದ್ದ. ಬೋರ್ಡು ತೂಗುಹಾಕಲು ಜಾಗ ಕೊಟ್ಟದ್ದು ಮನೆ ಓನರು ಆವಲಪ್ಪನ ಹೊಲದಂಚಿನ ಹೊಂಗೆ ಮರ.

ಎಂಥ ಮರ ಅದು! ಮೇಲೆ ಮಳೆ ಹುಯ್ದು ಸುಸ್ತಾದ ಮೇಲೇ ಕೆಳಗೆ ಮೊದಲ ಹನಿ ಬೀಳುತ್ತಿತ್ತು. ಹೂ ಉದುರುವ ಕಾಲದಲ್ಲಿ ಬೆಂಚಿನ ಮೇಲೆ ಅರಳು ಚೆಲ್ಲಿದ ಹಾಗಿರುತ್ತಿತ್ತು. ಗನ್ನಿನ ನಳಿಗೆಯೊಳಗೂ ಹೂ ಹೊಕ್ಕು, ಭೀಮಪ್ಪ ಊದಿ ತೆಗೆಯಬೇಕಾಗುತ್ತಿತ್ತು. ಅಷ್ಟು ವರ್ಷಗಳಲ್ಲಿ ಮಳೆಯೆಂದು ಒಂದು ದಿನ ಬೋರ್ಡು ಇಳಿಸಿದ್ದು ಅವರಿಗೆ ನೆನಪಿಲ್ಲ.

ಕಳೆದ ಚಳಿಗಾಲದಲ್ಲಿ ರಸ್ತೆ ಅಗಲವಾಯಿತು. ಮರ ಹೋಯಿತು.

ಈ ವರ್ಷದ ಮೊದಲ ಮಳೆಗೇ ಗನ್ನು ನೆನೆಯಿತು. ಒಳಗಿನ ಚರ್ಮದ ವಾಷರ್ ಉಬ್ಬಿ, ಹೊಡೆದ ಗುಂಡು ಬಲೂನಿಗೆ ತಾಗಿ, ಬಲೂನು ಒಡೆಯದೆ, ಕೆಳಗೆ ಬಿತ್ತು. ಹೊಡೆದವನು ನಕ್ಕುಬಿಟ್ಟ. ಭೀಮಪ್ಪನಿಗೆ ಆ ನಗು ಕಾಲಿನ ನೋವಿಗಿಂತ ಹೆಚ್ಚಾಗಿ ನಾಟಿತು.

"ಸಾಕಾತು. ಚಂದಾಪುರದ ಅಪಾರ್ಟಮೆಂಟಿನ್ಯಾಗ ವಾಚಮನ್ ಬೇಕಂತ. ಏಜೆನ್ಸಿಯಂವಗ ಅಂಗಿ ಅಳತಿ ಕೊಟ್ಟಬಂದೀನಿ. ಬರೂ ಸೋಮವಾರ ಹೂಂ ಅನ್ನೂದಷ್ಟ ಬಾಕಿ."

"ಗನ್ನು?"

"ಯಾರರ ತಗೋತಾರ."

ಅವನು ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕಾರುಗಳಿಗೆ ಸಲಾಮು ಹೊಡೆಯುವುದು, ತಾನು ಆವಲಪ್ಪನ ವಠಾರದ ಕೋಣೆಯಲ್ಲಿ ಗೋಡೆ ನೋಡುತ್ತ ಕೂರುವುದು, ಎರಡೂ ಮಲಕವ್ವನ ಕಣ್ಣಿಗೆ ಕಟ್ಟಿದವು. ಮಕ್ಕಳಿಲ್ಲದ ಅವಳಿಗೆ ಸಂಜೆಯ ಆ ಗದ್ದಲವೇ ಮನೆಯಾಗಿತ್ತು. "ಸೋಮವಾರದ ಮಟ ತಡೀರಿ. ಬೋರ್ಡಿಗೆ ಒಂದು ಮಾಡು ಹುಡುಕೂಣು. ಸಿಗಲಿಲ್ಲಂದ್ರ ನಾನs ನಿಮ್ಮ ಯೂನಿಫಾರಂ ಇಸ್ತ್ರಿ ಮಾಡಿ ಕಳಸ್ತೀನಿ," ಎಂದಳು.

ಮಳೆ ತಡೆಯುವ ಮಾಡು ಹುಡುಕುವುದು ಅಷ್ಟು ಸುಲಭವಲ್ಲ. ಈಗ ಬೋರ್ಡು ನಿಲ್ಲಿಸುವ ರಸ್ತೆಬದಿಯಲ್ಲಿ ಕತ್ತಲಾದ ಮೇಲೆ ಲಾರಿಗಳು ಬಂದು ನಿಲ್ಲುತ್ತವೆ. ಗೂಟ ಹೂಳುವಂತಿಲ್ಲ, ತಗಡು ಹೊದಿಸುವಂತಿಲ್ಲ. ಸಂಜೆ ಬಿಚ್ಚಿ ನಿಲ್ಲಿಸಿ, ಆಮೇಲೆ ಮಡಚಿ ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋಗುವಂಥದ್ದಾಗಬೇಕು.

ಮೊದಲು ಕಬ್ಬಿನಹಾಲಿನವನ ದೊಡ್ಡ ಬಣ್ಣದ ಛತ್ರಿ ತಂದರು. ನೋಡಲು ಚೆಂದವೇ. ಆದರೆ ಅದರ ಕಂಬ ನಟ್ಟನಡುವೆ. ಗುರಿ ಹಿಡಿದವನ ಮೊಣಕೈ ಕಂಬಕ್ಕೆ ಬಡಿಯಬೇಕು, ಇಲ್ಲವೇ ಅವನು ಮಳೆಗೆ ಹೊರಗೆ ನಿಲ್ಲಬೇಕು. ಆ ಸಂಜೆಯೇ ಗಾಳಿ ಎದ್ದಿತು. ಛತ್ರಿ ಮೇಲಕ್ಕೆ ಜಿಗಿಯಿತು. ಕಂಬ ಹಿಡಿದಿದ್ದ ಭೀಮಪ್ಪನೂ ಜೊತೆಗೆ ಜಿಗಿದ. ಟೀ ಅಂಗಡಿಯ ಮುಂದೆ ಕೂತಿದ್ದ ಆವಲಪ್ಪ ಗ್ಲಾಸು ಕೆಳಗಿಟ್ಟು ಕೂಗಿದ.

"ಏನ್ಲಾ ಭೀಮಪ್ಪ, ಛತ್ರಿ ಇಡ್ಕಂಡು ಒಸೂರಿಗೆ ಒಂಟಿದ್ಯಾ? ಬಸ್ ಚಾರ್ಜು ಉಳೀತು ಬುಡು!"

"ನಗರಿ ಓನರಣ್ಣಾರ, ನಗರಿ. ನಿಮ್ಮ ಗಿಡ ಇದ್ದಿದ್ರ ನಾ ಯಾಕ ಹಾರತಿದ್ದೆ?"

ಆವಲಪ್ಪನ ನಗು ಅಲ್ಲೇ ನಿಂತಿತು. "ನಮ್ ತಾತ ನೆಟ್ಟಿದ್ದು ಕಣಪ್ಪ ಅದು," ಎಂದ. "ರಾಗಿ ಕುಯ್ದು ಬಂದು ಅದರ ಬುಡದಾಗೆ ಮುದ್ದೆ ಉಣ್ತಿದ್ವಿ. ಈಗ ಅಲ್ಲಿ ನಿಂತ್ಕಂಡ್ರೆ ನಮ್ ಒಲ ಎಲ್ಲಿತ್ತು ಅಂತ್ಲೇ ಗೊತ್ತಾಗಾಕಿಲ್ಲ." ಆರಿದ ಟೀ ಕುಡಿದು, ಛತ್ರಿಯ ಮುರಿದ ಕಡ್ಡಿಗಳನ್ನು ಹೆಕ್ಕಿಕೊಟ್ಟು ಹೋದ.

ಎರಡನೆಯದು ಭೀಮಪ್ಪನದೇ ಯೋಚನೆ. ಹಳೆಯ ಪೇಂಟ್ ಬಕೆಟ್ಟುಗಳಿಗೆ ಕಾಂಕ್ರೀಟು ತುಂಬಿ, ಅದರಲ್ಲಿ ಬಿದಿರು ನಿಲ್ಲಿಸಿ, ಮೇಲೆ ನೀಲಿ ತಾಡಪತ್ರಿ ಬಿಗಿದ. ಗಾರೆಯ ಕೈ ಅವನದು. ಗಾಳಿಗೆ ಬಿದಿರು ಅಲುಗಲಿಲ್ಲ. ತಾಡಪತ್ರಿಯನ್ನು ಬೋರ್ಡಿನ ನೆತ್ತಿಯಿಂದ ಎಳೆದು ಗನ್ನಿನ ಬೆಂಚಿನ ತುದಿಗೆ ಸರಿಯಾಗಿ ಮುಗಿಸಿದ್ದ. ಒಂದು ಬಲೂನಿಗೂ ಹನಿ ತಾಗದು.

"ಹೆಂಗೈತಿ?" ಎಂದು ಎದೆಯುಬ್ಬಿಸಿ ಕೇಳಿದ.

ಚೆನ್ನಾಗಿಯೇ ಇತ್ತು. ಆದರೆ ನೀಲಿಯ ಕೆಳಗೆ ಕೆಂಪು ಬಲೂನು ಕಪ್ಪಾಗಿ ಕಾಣುತ್ತಿತ್ತು, ಹಸಿರಿಗೂ ನೀಲಿಗೂ ವ್ಯತ್ಯಾಸವೇ ಇರಲಿಲ್ಲ. "ಇದೇನಕ್ಕ, ಎಲ್ಲಾ ಬಲೂನಿಗೂ ಜ್ವರ ಬಂದಂಗಿದೆ," ಎಂದು ಒಬ್ಬ ಹುಡುಗಿ ನಗುತ್ತ ಮುಂದೆ ಹೋದಳು. ಮಳೆ ಬಂದಾಗ ತಾಡಪತ್ರಿಯ ಹೊಟ್ಟೆಯಲ್ಲಿ ನೀರು ತುಂಬಿ, ಗುರಿ ಹಿಡಿದು ನಿಂತಿದ್ದವನ ಕುತ್ತಿಗೆಗೆ ಸುರಿಯಿತು. ಅವನು ಬೈಯುತ್ತ ಹೊರಟುಹೋದ.

ಅದೇ ಮಳೆಯಲ್ಲಿ ಒಬ್ಬ ಹೆಂಗಸು ಪುಟ್ಟ ಮಗಳ ಕೈ ಹಿಡಿದು ಬಂದಳು. ಬೋರ್ಡಿನ ಎದುರು ನಿಂತು ಅತ್ತಿತ್ತ ನೋಡಿದಳು, ಕಳೆದದ್ದೇನನ್ನೋ ಹುಡುಕುವವಳ ಹಾಗೆ.

"ಅಕ್ಕಾ, ಗುರ್ತು ಸಿಕ್ತಾ?"

ಮಲಕವ್ವ ಬಾಯಲ್ಲಿದ್ದ ಬಲೂನು ತೆಗೆದಳು. "ಸವಿತಾ ಅಲ್ಲೇನs ನೀ? ಕೆಂಪ ಪುಗ್ಗಾ ಬಿಟ್ಟು ಬ್ಯಾರೇದಕ್ಕ ಹೊಡೀತಿದ್ದಿಲ್ಲ ನೋಡು!"

"ಹೊಡೀತಿದ್ದೆ ಅಷ್ಟೇ, ಒಂದೂ ಬೀಳ್ತಿರ್ಲಿಲ್ಲ." ಸವಿತಾ ನಕ್ಕಳು. ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಗೆ ಹೋಗುತ್ತಿದ್ದಾಗ ಅವಳು ಗೆಳತಿಯರ ಜೊತೆ ಇಲ್ಲೇ ಬಸ್ಸು ಕಾಯುತ್ತಿದ್ದಳು. "ಮರ ಎಲ್ಲಕ್ಕಾ? ನಿಮ್ಮಪ್ಪ ಇಲ್ಲೇ ಸಿಕ್ಕಿದ್ದು ಅಂತ ಮಗಳಿಗೆ ತೋರ್ಸೋಣ ಅಂತ ಬಂದೆ."

"ರಸ್ತೆಗೆ ಹೋತವ್ವಾ."

"ಅಯ್ಯೋ." ಸವಿತಾ ರಸ್ತೆಯನ್ನೊಮ್ಮೆ ನೋಡಿದಳು. "ಆವತ್ತು ಮಳೆ ಬರ್ದೆ ಇದ್ದಿದ್ರೆ ನಾನು ಗನ್ ಮುಟ್ತಾನೇ ಇರ್ಲಿಲ್ಲ. ಮರದ ಕೆಳಗೆ ನಿಂತು ನಿಂತು ಬೇಜಾರಾಗಿ, ಸರಿ ಒಂದು ಹೊಡೆಯೋಣ ಅಂತ ತಗೊಂಡೆ. ಗುರಿ ತಪ್ತು. ಹಿಂದೆ ಯಾರೋ ಕಿಸಕ್ ಅಂದ್ರು. ತಿರುಗಿ ಸರಿಯಾಗಿ ಬೈದೆ. ಅವ್ರೇ ನಮ್ಮ ಯಜಮಾನ್ರು!"

ಮಾತಾಡುತ್ತಿದ್ದ ಹಾಗೆ ಮಳೆ ಜೋರಾಯಿತು. ಸವಿತಾ ತಾಡಪತ್ರಿಯ ಕೆಳಗೆ ನುಗ್ಗಲು ನೋಡಿದಳು. ಜಾಗವಿರಲಿಲ್ಲ. "ಇನ್ನೊಂದ್ಸಲ ಬರ್ತೀನಿ ಅಕ್ಕಾ," ಎನ್ನುತ್ತ ಮಗಳ ತಲೆಗೆ ಸೆರಗು ಹೊದಿಸಿ ಬೇಕರಿಯ ಕಡೆಗೆ ಓಡಿದಳು. ಬೇಕರಿಯ ಸೂರಿನಡಿ ಜನ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು; ಮೊದಲು ಹೊಂಗೆಯ ಕೆಳಗೆ ಹೀಗೇ ನಿಲ್ಲುತ್ತಿದ್ದರು. ಇತ್ತ ತಾಡಪತ್ರಿಯ ಕೆಳಗೆ ಬಲೂನುಗಳು ಬೆಚ್ಚಗಿದ್ದವು, ಗನ್ನು ಬೆಚ್ಚಗಿತ್ತು. ಭೀಮಪ್ಪ ಅವುಗಳನ್ನು ಕಾಯುತ್ತ ಅರ್ಧ ಮೈ ಮಳೆಗೆ ಕೊಟ್ಟು ನಿಂತಿದ್ದ.

ಹಾಗೆ ನಿಲ್ಲುವುದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು ಮಲಕವ್ವನಿಗೆ. ಮನೆಗೆ ಬಂದು ಅವನು ಗನ್ನಿಗೆ ಎಣ್ಣೆ ಹಚ್ಚುತ್ತ ಕೂತಾಗ ನೆನಪಾಯಿತು.

"ರೀ, ಸೈಟಿನ್ಯಾಗ ಮಳಿ ಬಂದ್ರ ಮೊದಲ ಏನ್ ಮಾಡತಿದ್ವಿ?"

"ಏನ್ ಮಾಡೂದು? ಸಿಮೆಂಟ್ ಚೀಲ ಮುಚ್ಚತಿದ್ವಿ."

"ಆಮ್ಯಾಲ?"

"ಆಮ್ಯಾಲ ಕಬ್ಬಿಣ, ಮಷೀನು. ಮೇಸ್ತ್ರಿ ಬೈತಿದ್ನಲ್ಲ."

"ನಾವ?"

ಭೀಮಪ್ಪ ತಲೆಯೆತ್ತಿದ. "ನಾವೇನ ಕರಗತಿದ್ವೇನು?"

"ಪುಗ್ಗಾನೂ ಕರಗಂಗಿಲ್ಲ," ಎಂದಳು ಮಲಕವ್ವ. "ಅದು ರಬ್ಬರ್. ಬೋರ್ಡಿನ ಬಟ್ಟಿ ನೆನದ್ರ ಒಣಗತೈತಿ. ನಾವ ಇನ್ನೂ ಸಿಮೆಂಟ್ ಕಾಯಾಕತ್ತೀವಿ ನೋಡ್ರಿ. ಅಷ್ಟು ವರ್ಷ ಗಿಡ ಪುಗ್ಗಾ ಕಾಯ್ದಿಲ್ಲ, ಮಂದೀನ ಕಾಯ್ದೈತಿ. ಮಳಿಗೆ ನಿಂತಾವ್ರು ಬ್ಯಾಸರಕ್ಕ ಗನ್ ಹಿಡದ್ರು. ಅದs ನಮ್ಮ ವ್ಯಾಪಾರ ಆಗಿತ್ತು."

ಭೀಮಪ್ಪ ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದ. ಆದರೆ ಭಾನುವಾರ ಬೆಳಿಗ್ಗೆ ಅವಳು ಚಂದಾಪುರಕ್ಕೆ ಹೊರಟಾಗ ತಾನೂ ಚಪ್ಪಲಿ ಮೆಟ್ಟಿದ.

ಚಂದಾಪುರದಲ್ಲಿ ಚಿರಂಜೀವಿ ಎಂಬವನು ಶಾಮಿಯಾನದ ಸಾಮಾನು ಮಾರುತ್ತಿದ್ದ. ಅವನು ಮೊದಲು ತೆಗೆದದ್ದು ಮೂರು ಕಡೆ ಮುಚ್ಚಿದ ಒಂದು ಪುಟ್ಟ ಟೆಂಟು. ಭೀಮಪ್ಪನ ಕಣ್ಣು ಅಲ್ಲೇ ಕಚ್ಚಿಕೊಂಡವು. "ಬೋರ್ಡ್ ಪೂರಾ ಒಳಗ ಹೋಗತೈತಿ ಇದರಾಗ," ಎಂದ.

ಮಲಕವ್ವ ಟೆಂಟಿನೊಳಗೆ ಹೋಗಿ ನಿಂತು ಬೀದಿಗೆ ಕೈ ಬೀಸಿದಳು. "ಬರ್ರಿ ಅಣ್ಣಾರ, ನೀವೂ ಬರ್ರಿ ಅಕ್ಕಾರ, ಒಂದೀಟು ಒಳಗ ನಿಂದರ್ರಿ!" ಹೂವಿನವಳು ಬಂದಳು, ಆಟೋದವನು ಬಂದ, ಸುಮ್ಮನೆ ಹೋಗುತ್ತಿದ್ದವರಿಬ್ಬರು ಏನೋ ಪುಕ್ಕಟೆ ಕೊಡುತ್ತಾರೆಂದು ಬಂದರು. ಅಷ್ಟಕ್ಕೇ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಿವಿಯಿತು.

"ಅಮ್ಮಾ, ಟೆಂಟ್ ತಗೊಳ್ಳೋಕೆ ಬಂದ್ರಾ, ಭಾಷಣ ಮಾಡೋಕೆ ಬಂದ್ರಾ?" ಎಂದ ಚಿರಂಜೀವಿ.

"ತಡೀಪಾ. ಅದ್ಯಾವದು, ಆ ಮೂಲ್ಯಾಗಿಂದು?"

ಅದು ಸಿಮ್ ಕಾರ್ಡು ಮಾರುವವರು ಬಿಟ್ಟುಹೋದ ಹಳೆಯ ಬಿಳಿ ಟೆಂಟು. ಮೇಲಿನ ಅಕ್ಷರವೆಲ್ಲ ಅಳಿಸಿತ್ತು, ಒಂದೆರಡು ಕಡೆ ಹರಿದಿತ್ತು. ಆದರೆ ಎಳೆದರೆ ಅಗಲವಾಗಿ ಬಿಚ್ಚಿಕೊಳ್ಳುತ್ತಿತ್ತು, ನೂಕಿದರೆ ಕಟ್ಟಿಗೆಯ ಹೊರೆಯ ಹಾಗೆ ಮಡಚುತ್ತಿತ್ತು, ನಡುವೆ ಕಂಬವಿಲ್ಲ, ಮಾಡು ಇಳಿಜಾರು, ನೀರು ನಿಲ್ಲುವಂತಿಲ್ಲ. ಅವಳು ಅಂಗಡಿಯ ಪೊರಕೆಯನ್ನೇ ಗನ್ನಿನಂತೆ ಹಿಡಿದು ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ಸೊಂಟದಿಂದ ಬಲೂನು ತೆಗೆದು ಊದಿ ನೋಡಿದಳು. ಬಿಳಿಯ ಕೆಳಗೆ ಕೆಂಪು ಕೆಂಪಾಗಿಯೇ ಇತ್ತು. ಆಮೇಲೆ ಮತ್ತೆ ಎಲ್ಲರನ್ನೂ ಒಳಗೆ ಕರೆದಳು. ಎಲ್ಲರೂ ನಿಂತರು. ಇನ್ನೂ ಜಾಗ ಉಳಿಯಿತು.

"ಬೋರ್ಡ್ ಹೊರಗ ಉಳೀತೈತಲ್ಲ," ಎಂದ ಭೀಮಪ್ಪ ಸಣ್ಣ ದನಿಯಲ್ಲಿ.

"ಉಳೀಲಿ."

ಚಿರಂಜೀವಿ ಕೇಳಿದ್ದಕ್ಕೂ ಇವಳು ಕೊಟ್ಟದ್ದಕ್ಕೂ ನಡುವೆ ಎರಡು ಸಲ ಚಹಾ ಆಯಿತು. ಹರಿದ ಕಡೆ ಅವಳು ಮುರಿದ ಛತ್ರಿಯ ಬಟ್ಟೆಯನ್ನೇ ತೇಪೆ ಹಾಕಿದಳು. ಕಾಲುಗಳನ್ನು ಭೀಮಪ್ಪ ತನ್ನ ಕಾಂಕ್ರೀಟು ಬಕೆಟ್ಟುಗಳಿಗೆ ಬಿಗಿದ.

ಸೋಮವಾರ ಪಾಳಿ ಬಿಡುವ ಹೊತ್ತಿಗೆ ಆನೇಕಲ್ ಕಡೆ ಕಪ್ಪಾಯಿತು. ಮೊದಲ ದಪ್ಪ ಹನಿಗಳಿಗೇ ಬಸ್ಸಿಗೆ ನಿಂತವರೆಲ್ಲ ಚದುರಿದರು. ಒಬ್ಬಳು ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಓಡಿಬಂದು, "ನಿಲ್ಲಬೋದಾ ಅಕ್ಕ?" ಎಂದಳು.

"ಕೇಳೂದೇನೈತಿ? ಒಳಗ ಬಾ."

ಅವಳ ಹಿಂದೆ ಗೆಳತಿಯರು ಬಂದರು. ಐಡಿ ಕಾರ್ಡನ್ನು ಜೇಬಿಗೆ ತುರುಕುತ್ತ ಹುಡುಗರು ಬಂದರು. ಆವಲಪ್ಪ ಟೀ ಗ್ಲಾಸಿನ ಸಮೇತ ಬಂದ. ಮೇಲೆ ಮಳೆ, ಕೆಳಗೆ ಒದ್ದೆ ಬಟ್ಟೆಯ ವಾಸನೆ, ಯಾರದೋ ಡಬ್ಬಿಯಲ್ಲಿ ಉಳಿದ ಉಪ್ಪಿನಕಾಯಿಯ ವಾಸನೆ. ಎಷ್ಟು ದಿನವಾಗಿತ್ತು ಈ ವಾಸನೆ ಮೂಗಿಗೆ ಬಿದ್ದು! ಕಣ್ಣು ಮುಚ್ಚಿದರೆ ಮೇಲೆ ಎಲೆ ಅಲುಗುತ್ತಿವೆಯೇನೋ ಅನ್ನಿಸಿತು ಅವಳಿಗೆ. ಹೊರಗೆ ಬೋರ್ಡಿನ ಮೇಲೆ ಬಲೂನುಗಳು ತೊಯ್ದು ಹಣ್ಣಿನ ಹಾಗೆ ಹೊಳೆಯುತ್ತಿದ್ದವು.

ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ಮಳೆ ನೋಡಿದರು. ಮಲಕವ್ವ ಯಾರನ್ನೂ ಕರೆಯದೆ ಬಲೂನು ಊದುತ್ತ ನಿಂತಳು; ಕರೆದರೆ ಬರುವ ಗಿರಾಕಿಯಲ್ಲ ಇದು, ಬೇಸರ ತಾನಾಗಿ ಹಣ್ಣಾಗಬೇಕು. ಕೊನೆಗೆ ಒಬ್ಬ ಹುಡುಗ, "ಮಗಾ, ಸುಮ್ನೆ ನಿಂತು ಏನ್ ಮಾಡೋದು, ಒಂದು ಹೊಡೆಯೋಣ ಬಾ," ಎಂದ. ಗುಂಡು ಪಕ್ಕದಲ್ಲಿ ಹೋಯಿತು. ಹಿಂದಿನಿಂದ ಹೆಣ್ಣುಮಕ್ಕಳು ಕಿಸಕ್ಕೆಂದರು.

"ನೀವು ಹೊಡೀರಿ ನೋಡೋಣ!" ಎಂದು ಅವನು ತಿರುಗಿದ.

"ಕೊಡ್ರೀ ಇಲ್ಲಿ!" ಎಂದಳು ಡಬ್ಬಿಯ ಹುಡುಗಿ.

ಭೀಮಪ್ಪನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಏಜೆನ್ಸಿಯವನು. "ಹಲೋ? ಕೇಳವಲ್ದ್ರಿ... ಮಳಿ! ಮಂದಿ ಭಾಳ ಅದಾರ್ರಿ! ಏನು? ಅಂಗೀನ? ಬ್ಯಾರೆ ಯಾರಿಗರ ಕೊಡ್ರಿ, ನನಗ ಇಲ್ಲಿ ಕೈ ಬಿಡುವಿಲ್ಲ!" ಫೋನು ಜೇಬಿಗೆ ಹಾಕಿ, ಗುಂಡು ತುಂಬಲು ಕೈ ನೀಡಿದ.

ಅಷ್ಟರಲ್ಲಿ ಗಾಳಿ ತಿರುಗಿ ಮಳೆ ನೇರ ಬೋರ್ಡಿಗೆ ಬಡಿಯಿತು. ಸೈಟಿನ ಕಾಲದ ರೂಢಿ. ಭೀಮಪ್ಪ ಗನ್ನನ್ನು ಹುಡುಗಿಯ ಕೈಗೆ ಕೊಟ್ಟವನೇ ಬೆಂಚಿನ ಕೆಳಗಿನ ಪ್ಲಾಸ್ಟಿಕ್ ಹಾಳೆ ಎಳೆದುಕೊಂಡು ಕುಂಟುತ್ತ ಹೊರಗೆ ನುಗ್ಗಿದ.

ಮಲಕವ್ವ ಅವನ ಅಂಗಿಯ ಹಿಂಭಾಗ ಹಿಡಿದು ಜಗ್ಗಿದಳು.

"ಎಲ್ಲಿ ಹೊಂಟ್ರಿ? ಆಕಿ ಗುರಿ ಹಿಡದಾಳ. ಒಳಗ ನಿಂದರ್ರಿ."

ಅವನು ಒಳಗೆ ಬಂದ. ಜನ ಒಂದಿಷ್ಟು ಸರಿದು ಅವನಿಗೆ ಜಾಗ ಮಾಡಿಕೊಟ್ಟರು.