ಬಿತ್ತನೆ ಗೆಡ್ಡೆ

ಬೂಟು ಚಪ್ಪಲಿಗಳನ್ನು ದಾಟಿಕೊಂಡು ವೇದಾ ಗ್ಯಾರೇಜಿನ ಮೂಲೆಗೆ ನುಗ್ಗಿದಳು. ಗಂಡನ ದಹನ ಮುಗಿಸಿ ಬಂದು, ಮಿಂದು, ಒದ್ದೆ ತಲೆಯಲ್ಲೇ ಇದ್ದಳು. ಬೆಳಗಿನಿಂದ ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ಅಮೆರಿಕದ ಸೆಂಟರ್‌ವಿಲ್‌ನ ಜನವರಿ ಗಾಳಿ ಹೇಳೋರು ಕೇಳೋರಿಲ್ಲದೆ ಒಳಗೆ ನುಗ್ಗುತ್ತಿತ್ತು.

"ಈ ಬಾಗಿಲನ್ನ ಯಾರು ತೆಗೆದಿಟ್ಟಿದ್ದು?"

"ನೀವೇ ಹೇಳಿದ್ರಲ್ಲ ಆಂಟಿ," ಪಕ್ಕದ ಮನೆಯ ರಚನಾ ಮೆಲ್ಲಗೆ ಅಂದಳು. "ಮುಂದಿನ ಸ್ಟೆಪ್ಸ್ ಮೇಲೆ ಐಸ್ ಇದೆ, ಎಲ್ರೂ ಇಲ್ಲೇ ಶೂಸ್ ಬಿಟ್ಟು ಬರ್ಲಿ ಅಂತ."

ಹೌದು, ತಾನೇ ಹೇಳಿದ್ದು. ಬಂದವರು ಜಾರಿ ಬೀಳಬಾರದೆಂಬ ಬುದ್ಧಿ ಇತ್ತು, ಇದೊಂದು ಮರೆತೇ ಹೋಯಿತು. ಮೂಲೆಯಲ್ಲಿದ್ದ ಬಿತ್ತನೆ ಆಲೂಗೆಡ್ಡೆಯ ರಟ್ಟಿನ ಪೆಟ್ಟಿಗೆಗೆ ಹೊದಿಸಿದ್ದ ಕಂಬಳಿಯನ್ನು ಯಾರೋ ಒಳಗೆ ಹಾಸಲು ಒಯ್ದಿದ್ದರು. ಕೈಹಾಕಿದರೆ ಗೆಡ್ಡೆಗಳು ಹೆಪ್ಪುಗಟ್ಟಿ ಕಲ್ಲಾಗಿದ್ದವು.

* * *

ಕೌಂಟಿ ಆಫೀಸಿನಲ್ಲಿ ಇಪ್ಪತ್ತು ವರ್ಷ ದುಡಿದರೂ ಗಂಡ ತ್ಯಾಗರಾಜರ ಹೆಸರನ್ನು ಅಲ್ಲಿ ಯಾರೂ ನೆಟ್ಟಗೆ ಹೇಳಿದ್ದಿಲ್ಲ. ಹಿತ್ತಲಿನ ಆಲೂಗೆಡ್ಡೆ ಮಾತ್ರ ಆಗಸ್ಟಿನಲ್ಲಿ ಎಲ್ಲರ ಮನೆಗೂ ಹೋಗುತ್ತಿತ್ತು. ಅಗೆದದ್ದನ್ನು ತೊಳೆಯದೆ ನೆರಳಲ್ಲಿ ಆರಿಸಿ, ಒಳ್ಳೆಯದನ್ನು ಬಿತ್ತನೆಗೆಂದು ಎತ್ತಿಟ್ಟು, ಕತ್ತಲಲ್ಲಿ ಕಾಯುವುದು ಅವರ ಪಾಲಿಗೆ ಪೂಜೆಯೇ. ಬೆಚ್ಚಗಾದರೆ ಮೊಳೆಯುತ್ತದೆ, ಹೆಪ್ಪುಗಟ್ಟಿದರೆ ಸಾಯುತ್ತದೆ. ಹನ್ನೊಂದು ವರ್ಷ ಬಿತ್ತನೆಯನ್ನು ಅಂಗಡಿಯಿಂದ ತಂದಿರಲಿಲ್ಲ.

ಹೋದ ಭಾನುವಾರ ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಸರಿಸಿ ಅಂದಿದ್ದರು: "ಗೆಡ್ಡೆ ನೋಡ್ಕೋ ವೇದಾ. ಮಾರ್ಚ್‌ಗೆ ಹಾಕ್ಬೇಕು."

"ನೀವೇ ಬಂದು ಹಾಕಿ," ಎಂದು ಸಿಡುಕಿದ್ದಳು. ಅದೇ ಕೊನೆಯ ಮಾತಾಯಿತು.

* * *

"ಅಮ್ಮಾ, ಒಳಗೆ ಬಾ. ಇಟ್ಸ್ ಫ್ರೀಜಿಂಗ್." ಮಗಳು ಶ್ರಾವಣಿ ಪೆಟ್ಟಿಗೆ ನೋಡಿದಳು. "ಸ್ಟೋರಲ್ಲಿ ಬೇರೆ ಸಿಗತ್ತೆ ಅಲ್ವಾ?"

"ನಿಮ್ಮಪ್ಪ ಇಟ್ಟಿದ್ದು ಸಿಗಲ್ಲ ಕಣೆ. ಅವರು ಕೇಳಿದ್ದು ಇದೊಂದೇ."

ಹಿಡಿಯುವಷ್ಟನ್ನು ಸೆರಗಿಗೆ ತುಂಬಿಕೊಂಡು ಹಾಲ್‌ನಲ್ಲಿದ್ದ ಹೀಟರ್ ಪಕ್ಕ ಹೋಗಿ ಕೂತಳು. ರಚನಾ ತಂದಿಟ್ಟ ಮೊಸರನ್ನ ಹಾಗೇ ಉಳಿಯಿತು.

ಸಂಜೆಯ ಹೊತ್ತಿಗೆ ಗೆಡ್ಡೆಗಳು ಮೆತ್ತಗಾಗಿ ನೀರೊಡೆದವು. ಮಡಿಲು ತೊಯ್ದು ನೀರು ಕಾರ್ಪೆಟ್ಟಿಗಿಳಿಯಿತು.

"ಕೊಡಿ ಆಂಟಿ, ತೆಗೆದಿಡ್ತೀನಿ."

"ಇರ್ಲಿ, ಇನ್ನೂ ತಣ್ಣಗಿದೆ," ಎಂದು ವೇದಾ ಸೆರಗಿನ ಒಣ ತುದಿ ಹುಡುಕಿ ಒಂದೊಂದನ್ನೇ ಒರೆಸತೊಡಗಿದಳು.